ಎರಡನೇ ಪರೀಕ್ಷೆಗೆ ಅನುಮತಿ

ಇಸ್ತ್ರಿ ರೋಲರಿನ ಮುಂದೆ ನಿಂತುಕೊಂಡೇ ಅಮ್ಮ ನಿದ್ದೆ ಹೋದಳು. ಮಂಗಳವಾರ, ಬೆಳಗಿನ ಹತ್ತೂವರೆ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟಿನ ಎರಡು ಮೂಲೆಗಳನ್ನು ಇಬ್ಬರು ಹಿಡಿದು ಬಿಸಿ ಉರುಳೆಗಳ ಸಂದಿಗೆ ಕೊಡಬೇಕು. ಹದಿನೇಳು ವರ್ಷದಿಂದ ಅಮ್ಮ ಎಡಗಡೆಯ ಮೂಲೆ ಹಿಡಿಯುವವಳು. ಆ ದಿನ ಬಿಡಬೇಕಾದ ಹೊತ್ತಿಗೆ ಮೂಲೆಯನ್ನು ಬಿಡಲಿಲ್ಲ. ಬಲಗಡೆ ನಿಂತಿದ್ದ ಜೋಡಿಯವಳು ಒಮ್ಮೆ ಕೂಗಿದಳು, ಕೇಳಲಿಲ್ಲವೆಂದು ತಿಳಿದ ಕೂಡಲೇ ಯಂತ್ರ ನಿಲ್ಲಿಸುವ ಕೆಂಪು ಪಟ್ಟಿಯನ್ನು ಹೊಟ್ಟೆಯಿಂದಲೇ ಒತ್ತಿದಳು. ಉರುಳೆ ನಿಂತಿತು. ಅಮ್ಮನ ತೋಳಿನ ಬಟ್ಟೆಯ ಅಂಚು ಒಳಗೆ ಹೋಗಿ ಕಂದು ಬಣ್ಣಕ್ಕೆ ಸುಟ್ಟಿತ್ತು. ಬೆರಳುಗಳು ಎರಡಂಗುಲ ಈಚೆ ಇದ್ದವು.

ಮೇಸ್ತ್ರಿ ಕೂಗಾಡಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು.

“ಮೂಗಿಗೆ ಅದೇನೋ ಮಿಶಿನ್ನು ಹಾಕ್ಕೊಂಡು ಮಲಗ್ತೀನಿ ಅಂದಿದ್ರಲ್ಲ ದೊಡ್ಡಕ್ಕ?” ಎಂದ. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ.

“ಹಾಕ್ಕೋತೀನಿ.”

“ಮತ್ತೆ?”

ಅವಳು ಅಂಗಿಯ ಸುಟ್ಟ ತೋಳನ್ನು ಮಡಚಿಕೊಂಡಳು.

“ಎರಡು ತಿಂಗಳು ಹರಿದ ಬಟ್ಟೆ ಹೊಲಿಯೋ ಮೇಜಿಗೆ ಹೋಗಿ,” ಎಂದ ಮೇಸ್ತ್ರಿ. “ಅಷ್ಟರಲ್ಲಿ ರೋಲರ್ ಹತ್ರ ನಿಲ್ಲಬಹುದು ಅಂತ ಡಾಕ್ಟರ್ ಕೈಲಿ ಬರೆಸ್ಕೊಂಡು ಬನ್ನಿ. ಬರೆಯಲಿಲ್ಲ ಅಂದ್ರೆ ನನ್ನ ಕೈಲೂ ಏನಿಲ್ಲ. ಹೊಲಿಯೋ ಮೇಜಿಗೆ ಖಾಯಂ ಜನ ಇಡೋದಿಲ್ಲ.”

ಹೊಲಿಯುವ ಮೇಜು ಒಣಗಿಸುವ ಯಂತ್ರಗಳ ಹಿಂದೆ, ಗೋಡೆಗೆ ಮುಖ ಮಾಡಿಕೊಂಡಿತ್ತು. ಅಲ್ಲಿ ಒಂದೇ ಕುರ್ಚಿ. ರೋಲರಿನ ಹತ್ತಿರವಾದರೆ ಗದ್ದಲದಲ್ಲೂ ತುಟಿ ನೋಡಿಕೊಂಡು ಮಾತಾಡುತ್ತಿದ್ದರು, ನಗುತ್ತಿದ್ದರು. ಇಲ್ಲಿ ಅಮ್ಮ ಬೇರೆಯವರು ಮಲಗಿ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುತ್ತ ಕೂತಳು. ಮಧ್ಯಾಹ್ನದ ಹೊತ್ತಿಗೆ ಸೂಜಿ ಹಿಡಿದೇ ತಲೆ ತೂಗುತ್ತಿತ್ತು. ಎಬ್ಬಿಸಲು ಯಾರೂ ಇರಲಿಲ್ಲ.

ಮನೆಯಲ್ಲಿ ನಾಲ್ಕು ಜನ. ಅಪ್ಪ ನೀರಿನ ಮೀಟರು ಓದುವವನು. ಮೂವತ್ತು ವರ್ಷದಿಂದ ಬೀದಿ ಬೀದಿಯ ಮುಚ್ಚಳ ಎತ್ತಿ, ಬಗ್ಗಿ, ಅಂಕಿ ಬರೆದುಕೊಂಡು ಬರುವವನು. ಮಗಳು ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನ ತಾಯಿ, ಎಂಬತ್ತೆರಡರ ಅಜ್ಜಿ, ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು. ಐದು ವರ್ಷದ ಹಿಂದೆ ಅಮ್ಮನ ಗೊರಕೆ ತಾಳಲಾರದೆ ಅಪ್ಪ ದಿಂಬು ಎತ್ತಿಕೊಂಡು ಹಾಲಿಗೆ ಬಂದ. ಆಗ ಹಾಲಿನಲ್ಲಿ ಮಲಗುತ್ತಿದ್ದ ಅಜ್ಜಿ, “ನಂಗೆ ಹೇಗೂ ಕಿವಿ ಮಂದ. ನಾನು ಒಳಗೆ ಮಲಗ್ತೀನಿ ಬಿಡು,” ಎಂದು ಅವನ ಮಂಚಕ್ಕೆ ಹೋದಳು. ಅಂದಿನಿಂದ ಅತ್ತೆ ಸೊಸೆಯರದು ಒಂದು ಕೋಣೆ.

ಮೂರು ವರ್ಷದ ಹಿಂದೆ ಅಮ್ಮನಿಗೆ ನಿದ್ದೆಯ ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ, ಗಂಟೆಗೆ ನಲವತ್ತು ಸಲ, ಎಂದರು. ಗಾಳಿ ಊದುವ ಯಂತ್ರ ಕೊಟ್ಟರು. ಒಂದು ಕೊಳವೆ, ಮೂಗಿಗೊಂದು ಮುಖವಾಡ. ಮೊದಲ ದಿನ ಅದನ್ನು ನೋಡಿ ಅಜ್ಜಿ, “ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ,” ಎಂದು ನಕ್ಕಿದ್ದಳು. ಗೊರಕೆಯೇನೋ ನಿಂತಿತು. ಹಗಲಿನ ತೂಕಡಿಕೆ ಒಂದೆರಡು ತಿಂಗಳು ಹೋಗಿ ಮತ್ತೆ ಬಂತು.

“ಒತ್ತಡ ಮೂರು ವರ್ಷದ ಹಿಂದೆ ಇಟ್ಟಿದ್ದು,” ಎಂದರು ಡಾಕ್ಟರು, ಅಂಗಿಯ ತೋಳು ಸುಟ್ಟ ವಾರ. “ಈಗ ಸಾಕಾಗ್ತಿದೆಯೋ ಇಲ್ಲವೋ ನೋಡಬೇಕು. ಯಂತ್ರ ಹಾಕ್ಕೊಂಡೇ ಒಂದು ರಾತ್ರಿ ಪರೀಕ್ಷೆ ಆಗಬೇಕು. ಎರಡನೇ ಪರೀಕ್ಷೆ ಅಂದ್ರೆ ವಿಮೆಯವರು ಮೊದಲೇ ಅನುಮತಿ ಕೊಟ್ಟಿರಬೇಕು. ನಾನು ಬರೆದು ಕಳಿಸ್ತೀನಿ.”

“ಅನುಮತಿ ಇಲ್ಲದೆ ಮಾಡಿಸಿದ್ರೆ?” ಎಂದಳು ಮಗಳು.

ಡಾಕ್ಟರು ಮೊತ್ತ ಹೇಳಿದರು. ತಾಯಿ ಮಗಳು ಇಬ್ಬರೂ ಎದ್ದರು.

ವಿಮೆಯವರಿಗೆ ಫೋನು ಮಾಡುವ ಕೆಲಸ ಮಗಳಿಗೆ ಬಿತ್ತು. ಸಂಜೆ ಕೆಲಸದಿಂದ ಬಂದು, ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟು, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕಾಯುವಳು. ಫೋನಿನಲ್ಲಿ ಒಂದೇ ರಾಗ ಸುತ್ತಿ ಸುತ್ತಿ ಬರುವುದು.

“ಆ ಕಡೆಯವರು ಬರೀ ವಾದ್ಯ ನುಡಿಸ್ತಾ ಕೂತಿರ್ತಾರೇನೇ?” ಅಜ್ಜಿ ಕೋಣೆಯಿಂದ ಕೇಳುವಳು.

“ನಿನಗೆ ಕಿವಿ ಮಂದ ಅಲ್ವಾ ಅಜ್ಜಿ?”

“ಬೇಕಾದ್ದು ಕೇಳ್ತದೆ.”

ಹನ್ನೊಂದನೇ ದಿನ ಕಾಗದ ಬಂತು. ಆಗುವುದಿಲ್ಲ ಎಂದಿರಲಿಲ್ಲ, ಆಗುತ್ತದೆ ಎಂದೂ ಇರಲಿಲ್ಲ. “ಪ್ರಸ್ತುತ ಪರಿಗಣಿಸಲು ಮಾಹಿತಿ ಸಾಲದು. ಕಳೆದ ತೊಂಬತ್ತು ರಾತ್ರಿಗಳ ಯಂತ್ರ ಬಳಕೆಯ ದಾಖಲೆ ಸಲ್ಲಿಸತಕ್ಕದ್ದು.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾರೆ,” ಎಂದ ಅಪ್ಪ. “ದಾಖಲೆ ಅಂದ್ರೆ ಏನು?”

“ಯಂತ್ರದ ಒಳಗೆ ಒಂದು ಸಣ್ಣ ಕಾರ್ಡು ಇರತ್ತೆ ಅಪ್ಪ. ಎಷ್ಟು ಹೊತ್ತು ಹಾಕ್ಕೊಂಡ್ರು ಅಂತ ಅದರಲ್ಲಿ ಬರೆದಿರತ್ತೆ.”

“ಓ, ಮೀಟರು,” ಎಂದ ಅಪ್ಪ. ತನಗೆ ತಿಳಿದ ವಿಷಯಕ್ಕೆ ಬಂತೆಂದು ಅವನ ಮುಖ ಸ್ವಲ್ಪ ಅರಳಿತು.

ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. “ಅದು ಕೊಡಲೇಬೇಕಾ?” ಎಂದಳು.

ಯಂತ್ರ ಮಾರಿದ ಅಂಗಡಿಯವನು ಕಾರ್ಡು ತೆಗೆದು ನಾಲ್ಕು ಹಾಳೆ ಅಚ್ಚು ಹಾಕಿಕೊಟ್ಟ. ಒಂದೊಂದು ರಾತ್ರಿಗೆ ಒಂದೊಂದು ಪಟ್ಟಿ. ಮಗಳು ಹಾಳೆಗಳನ್ನು ಊಟದ ಮೇಜಿನ ಮೇಲಿಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದ. ಒಂದೂವರೆ ಗಂಟೆ. ಎರಡು ಗಂಟೆ ಹತ್ತು ನಿಮಿಷ. ಒಂದು ಗಂಟೆ. ಎಲ್ಲ ರಾತ್ರಿಯೂ ಹಾಗೆಯೇ. ಹತ್ತಕ್ಕೆ ಶುರುವಾದ ಪಟ್ಟಿ ಹನ್ನೆರಡರ ಸುಮಾರಿಗೆ ತುಂಡಾಗಿ, ಮುಂದೆ ಬೆಳಗಿನವರೆಗೂ ಬಿಳಿ ಕಾಗದ.

“ಏನಿದು?” ಎಂದ.

ಅಮ್ಮ ಬ್ರೆಡ್ಡು ಮುರಿಯುತ್ತಿದ್ದಳು.

“ದಿನಾ ಹಾಕ್ಕೋತೀನಿ ಅಂತ ನಮಗೆ ಹೇಳಿದ್ದೆ. ಡಾಕ್ಟರಿಗೂ ಹೇಳ್ದೆ. ಮೇಸ್ತ್ರಿಗೂ ಹೇಳ್ದೆ.”

“ದಿನಾ ಹಾಕ್ಕೋತೀನಿ.”

“ಹಾಕ್ಕೊಂಡು ತೆಗೆದು ಬಿಸಾಕ್ತೀಯ. ಇಲ್ಲೇ ಇದೆಯಲ್ಲ. ಮೀಟರ್ ಸುಳ್ಳು ಹೇಳಲ್ಲ.”

“ಅತ್ತೆ ಕರೀತಾರೆ,” ಎಂದಳು ಅಮ್ಮ, ಸಣ್ಣ ದನಿಯಲ್ಲಿ. “ನೀರು ಅಂತಾರೆ. ಹೊದಿಕೆ ಸರಿಮಾಡು ಅಂತಾರೆ. ಮುಖವಾಡ ಹಾಕ್ಕೊಂಡು ಮಾತಾಡಕ್ಕಾಗಲ್ಲ, ತೆಗೀತೀನಿ. ಕೊಟ್ಟು ಬಂದು ಮಲಗೋವಷ್ಟರಲ್ಲಿ ಹಾಗೇ ಕಣ್ಣು ಮುಚ್ಚಿಹೋಗತ್ತೆ.”

“ದಿನಾ ಕರೀತಾರಾ?” ಮಗಳು ಕೇಳಿದಳು.

“ದಿನಾ. ಮೂರು ಸಲ, ನಾಕು ಸಲ.”

“ನನಗ್ಯಾಕೆ ಯಾವತ್ತೂ ಕೇಳಿಲ್ಲ?” ಎಂದ ಅಪ್ಪ.

“ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ,” ಎಂದಳು ಮಗಳು.

ಅಜ್ಜಿಯೂ ಮೇಜಿಗೇ ಕೂತಿದ್ದಳು. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ಮೂವರೂ ಅವಳ ಕಡೆ ನೋಡಿದರು. “ವಯಸ್ಸಾಯ್ತು. ಬಾಯಿ ಒಣಗತ್ತೆ,” ಎಂದಳು, ಅಷ್ಟೇ.

ದಾಖಲೆ ಕಳಿಸದೆ ವಿಧಿಯಿರಲಿಲ್ಲ. ಐದು ದಿನಕ್ಕೆ ಉತ್ತರ ಬಂತು. ಈ ಸಲ ದೀಪ ಗೋಡೆಯ ಒಂದೇ ಕಡೆಗಿತ್ತು. ಬಳಕೆ ಸಾಲದು, ಅನುಮತಿ ಇಲ್ಲ. ರೋಗಿಯು ಮೂವತ್ತು ರಾತ್ರಿಗಳಲ್ಲಿ ಕನಿಷ್ಠ ಇಪ್ಪತ್ತೊಂದು ರಾತ್ರಿ, ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ಯಂತ್ರ ಬಳಸಿ ಹೊಸದಾಗಿ ಅರ್ಜಿ ಹಾಕಬಹುದು.

ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಹಾಕಿದಳು. ಮೇಸ್ತ್ರಿ ಕೊಟ್ಟ ಎರಡು ತಿಂಗಳಲ್ಲಿ ಹದಿನೆಂಟು ದಿನ ಆಗಲೇ ಹೋಗಿದ್ದವು. “ಇವತ್ತಿಂದಲೇ ಶುರು ಮಾಡಿದ್ರೆ ಆಗತ್ತೆ. ಒಂದು ವಾರ ತಪ್ಪಿದ್ರೂ ಇಲ್ಲ.”

“ಹಾಗಾದ್ರೆ ನಮ್ಮಮ್ಮ ಇವತ್ತಿಂದ ನನ್ನ ಜೊತೆ ಹಾಲಲ್ಲಿ ಮಲಗಲಿ,” ಎಂದ ಅಪ್ಪ. “ಕರೆದ್ರೆ ನಾನು ಏಳ್ತೀನಿ.”

“ನಾನೆಲ್ಲೂ ಬರಲ್ಲ,” ಎಂದಳು ಅಜ್ಜಿ.

“ಯಾಕಮ್ಮ?”

“ನಾನೇನು ಕಪಾಟೇನೋ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ತಳ್ಳೋಕೆ? ನಾನು ಅಲ್ಲೇ ಇರ್ತೀನಿ. ಕರೆಯಲ್ಲ, ಸರಿಯಾ?”

ಆ ರಾತ್ರಿ ಎರಡು ಸಲ ಕರೆದಳು. ಮರುದಿನ ಅಪ್ಪ ಅವಳ ಮಂಚ ಬಿಚ್ಚಿ, ಹಾಲಿಗೆ ತಂದು ಜೋಡಿಸಿದ. ಅಜ್ಜಿ ಅಷ್ಟು ಹೊತ್ತೂ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತಿದ್ದಳು.

ಅಮ್ಮನ ಕೋಣೆ ದೊಡ್ಡದಾಯಿತು. ಮುಖವಾಡ ಬಿಗಿದು ಬಾಗಿಲು ಮುಚ್ಚಿಕೊಂಡು ಮಲಗಿದರೆ ಬೆಳಗಿನವರೆಗೂ ಯಾರೂ ಅವಳನ್ನು ಕರೆಯುವವರಿಲ್ಲ. ಮೊದಲೆರಡು ರಾತ್ರಿ ಕರೆ ಬಂತೆಂದು ತಾನೇ ಎದ್ದು ಕೂತಳು. ಆಮೇಲೆ ಐದು ಗಂಟೆ, ಆರು ಗಂಟೆ ನಿದ್ದೆ ಹತ್ತಿತು. ಮಗಳು ದಿನಾ ಬೆಳಿಗ್ಗೆ ಯಂತ್ರದ ಅಂಕಿ ನೋಡಿ, ನಾಲ್ಕು ಗಂಟೆ ದಾಟಿದ್ದರೆ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಿದ್ದಳು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, ಹತ್ತನೇ ದಿನ, ಅಪ್ಪ ಊಟಕ್ಕೆ ಕೂತು ಚಮಚ ಕೆಳಗಿಟ್ಟ.

“ಒಂದು ಮಾತು ಕೇಳ್ಲಾ? ಹತ್ತು ದಿನ ಆಯ್ತು. ನಮ್ಮಮ್ಮ ಒಂದು ಸಲನೂ ನನ್ನ ಕರೀಲಿಲ್ಲ. ನೀರು ಇಲ್ಲ, ಹೊದಿಕೆ ಇಲ್ಲ, ಏನೂ ಇಲ್ಲ. ಲೋಟ ಇಟ್ಟದ್ದು ಇಟ್ಟ ಹಾಗೇ ಇರತ್ತೆ.”

“ನಿಮಗೆ ಕೇಳಿರಲ್ಲ,” ಎಂದಳು ಅಮ್ಮ.

“ಎರಡು ದಿನ ಬೇಕು ಅಂತಲೇ ಎಚ್ಚರ ಇದ್ದೆ. ಅಮ್ಮ, ನೀನೇ ಹೇಳು. ಕರೆದೆಯಾ?”

“ಇಲ್ಲ,” ಎಂದಳು ಅಜ್ಜಿ, ತಟ್ಟೆಯನ್ನು ನೋಡುತ್ತ.

“ಬಾಯಿ ಒಣಗಲಿಲ್ವಾ?”

“ಇಲ್ಲ.”

ಅಪ್ಪ ಹೆಂಡತಿಯ ಕಡೆ ತಿರುಗಿದ. “ಮುಖಕ್ಕೆ ಕಟ್ಕೊಳ್ಳೋಕೆ ಬೇಜಾರು, ತೆಗೆದೆ ಅಂತ ಅಂದುಬಿಟ್ಟಿದ್ರೆ ಆಗ್ತಿತ್ತು. ನಿನ್ನ ಸೋಮಾರಿತನಕ್ಕೆ ನಮ್ಮಮ್ಮನ್ನ ಯಾಕೆ ಮುಂದೆ ಇಟ್ಟೆ? ಈ ವಯಸ್ಸಲ್ಲಿ ಅವಳ ಮಂಚ ಕಿತ್ತು ಹಾಲಲ್ಲಿ ಹಾಕಿಸಿದೆಯಲ್ಲ!”

ಅಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯೆತ್ತಲಿಲ್ಲ. ಮಗಳು ಏನಾದರೂ ಅನ್ನುವಳೇನೋ ಎಂದು ಅವಳ ಕಡೆ ನೋಡಿದಳು. ಮಗಳು ಲೋಟದಲ್ಲಿದ್ದ ನೀರನ್ನು ಕುಡಿಯುತ್ತಲೇ ಇದ್ದಳು. ಅವಳಿಗೂ ಅನುಮಾನ ಬಂದಿತ್ತು.

“ನಾನು ಸುಳ್ಳು ಹೇಳಲಿಲ್ಲ,” ಎಂದಳು ಅಮ್ಮ. ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಸಿಂಕಿನ ಪಕ್ಕ ನಿಂತುಕೊಂಡೇ ಊಟ ಮುಗಿಸಿದಳು.

ಅಂದಿನಿಂದ ಅವಳ ಊಟ ಅಲ್ಲೇ ಆಯಿತು. ಮೂವರಿಗೆ ಬಡಿಸಿ, ಒಲೆ ಒರೆಸಿ, ಎಲ್ಲರದೂ ಮುಗಿದ ಮೇಲೆ ತಾನು ತಿನ್ನುವಳು. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಲಾಂಡ್ರಿಯಲ್ಲಿ ಗೋಡೆ, ಮನೆಯಲ್ಲಿ ಗೋಡೆ, ರಾತ್ರಿ ಮುಖವಾಡ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಭಾನುವಾರ ಜೋಡಿಯವಳು ಫೋನು ಮಾಡಿ, “ನೀವಿಲ್ಲದೆ ಎಡಗಡೆ ಮೂಲೆ ಯಾರೂ ಸರಿ ಹಿಡಿಯಲ್ಲ ದೊಡ್ಡಕ್ಕ,” ಎಂದಾಗ ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ನೋಡುತ್ತ ನಿಂತಳು. ಜೋಡಿಯವಳು ಫೋನು ಕಟ್ಟಾಯಿತೆಂದುಕೊಂಡು ಇಟ್ಟುಬಿಟ್ಟಳು.

ಕ್ಯಾಲೆಂಡರಿನಲ್ಲಿ ಗೀಟುಗಳು ಮಾತ್ರ ತಪ್ಪದೆ ಬೀಳುತ್ತಿದ್ದವು.

ಹತ್ತೊಂಬತ್ತನೇ ದಿನ ಮಗಳಿಗೆ ಬೆಳಗಿನ ಪಾಳಿ. ನಾಲ್ಕೂಮುಕ್ಕಾಲಿಗೆ ಎದ್ದು, ದೀಪ ಹಾಕದೆ ಹಾಲಿಗೆ ಬಂದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಜ್ಜಿಯ ಮಂಚ ಖಾಲಿಯಾಗಿತ್ತು. ಅಮ್ಮನ ಕೋಣೆಯ ಬಾಗಿಲ ಬಳಿ ವಾಕರಿನ ಮೇಲೆ ಬಾಗಿ, ಬಾಗಿಲಿಗೆ ಕಿವಿಯಿಟ್ಟು ಅಜ್ಜಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ಅಜ್ಜಿ! ಏನ್ ಮಾಡ್ತಿದ್ದೀಯ?”

“ಶ್. ಉಸಿರು ಕೇಳ್ತಿಲ್ಲ ಕಣೇ.”

“ಯಾರದ್ದು?”

“ಅವಳದ್ದು. ಗೊರಕೆ ಇದ್ರೆ ಗೊತ್ತಾಗ್ತಿತ್ತು. ಈ ದರಿದ್ರ ಮಿಶಿನ್ನು ಬಂದಮೇಲೆ ಏನೂ ಗೊತ್ತಾಗಲ್ಲ.”

ಮಗಳು ಅಜ್ಜಿಯ ತೋಳು ಹಿಡಿದು ಅಡುಗೆಮನೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಕಾಲು ಮುಟ್ಟಿದರೆ ಮಂಜುಗಡ್ಡೆ. “ಎಷ್ಟು ಹೊತ್ತಿಂದ ನಿಂತಿದ್ದೀಯ?”

“ಗಡಿಯಾರ ನೋಡಲಿಲ್ಲ.”

“ದಿನಾ ನಿಲ್ತೀಯಾ?”

ಅಜ್ಜಿ ಹೂಂಗುಟ್ಟಿದಳು.

“ಅಂದ್ರೆ ಮುಂಚೆ ನೀರು ನೀರು ಅಂತ ಕರೀತಿದ್ದದ್ದು...”

“ಕರೆದ್ರೆ ಏಳ್ತಿದ್ದಳಲ್ಲ. ಎದ್ದಳು ಅಂದ್ರೆ ಇದ್ದಾಳೆ ಅಂತ. ಆಮೇಲೆ ನಾನೂ ಸ್ವಲ್ಪ ಮಲಗ್ತಿದ್ದೆ.” ಅಜ್ಜಿ ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿದಳು. “ನಿನ್ನ ತಾತನೂ ಹೀಗೇ ಗೊರಕೆ ಹೊಡೀತಿದ್ದ. ಮನೆ ಹೆಂಚು ಹಾರೋ ಥರ. ಒಂದಿನ ತಟ್ಟಂತ ನಿಂತೋಯ್ತು. ನಾನೇನ್ ಮಾಡ್ದೆ ಗೊತ್ತಾ? ಅಬ್ಬ, ಸದ್ಯ ನಿಲ್ತು ಅಂತ ಮಗ್ಗುಲು ತಿರುಗಿ ಮಲಗಿದೆ. ಅಷ್ಟು ಚೆನ್ನಾದ ನಿದ್ದೆ ನಂಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಮುಟ್ಟಿದ್ರೆ...”

ಮಗಳು ಚಹಾಕ್ಕೆ ಇಟ್ಟಿದ್ದ ನೀರು ಕುದಿದು ಉಕ್ಕಿತು. ಅವಳು ಒಲೆ ಆರಿಸಲಿಲ್ಲ.

“ಅವತ್ತು ಅಪ್ಪ ಅಷ್ಟು ಬೈದಾಗ ಯಾಕೆ ಹೇಳಲಿಲ್ಲ ಅಜ್ಜಿ?”

“ಏನಂತ ಹೇಳಲಿ? ಅವಳ ಕೈ ಸುಡೋದರಲ್ಲಿತ್ತಲ್ಲ, ಅದು ನನ್ನಿಂದ ಅಂತಾನಾ? ಹೌದು, ನನ್ನಿಂದಲೇ. ಮೂರು ವರ್ಷ ಅವಳ ನಿದ್ದೆ ಕಿತ್ತಿದ್ದು ನಾನೇ. ಹೇಳಿದ್ರೆ ಆ ಬಾಗಿಲ ಹತ್ರಾನೂ ಬಿಡಲ್ಲ ನೀವು.”

ಮಗಳು ಆ ದಿನ ಪಾಳಿಗೆ ತಡವಾಗಿ ಹೋದಳು. ಆರೂವರೆಗೆ ಎಲ್ಲರೂ ಎದ್ದು ಬಂದಾಗ, ಅಜ್ಜಿ ಬೇಡ ಬೇಡ ಎನ್ನುತ್ತಿದ್ದರೂ ಎಲ್ಲವನ್ನೂ ಹೇಳಿದಳು. ಅಪ್ಪ ಅರ್ಧ ಹಾಕಿಕೊಂಡ ಬೂಟು ಹಿಡಿದು ಕೂತಿದ್ದ.

“ಊರಿಗೆಲ್ಲ ಹೇಳ್ತೀಯ,” ಎಂದಳು ಮಗಳು, “ಮೀಟರ್ ಜಾಸ್ತಿ ಓಡಿದ್ರೆ ಮೊದಲು ಪೈಪ್ ಒಡೆದಿದೆಯಾ ನೋಡ್ಕೊಳ್ಳಿ ಅಂತ. ನಮ್ಮನೇಲಿ ನೋಡಲೇ ಇಲ್ಲವಲ್ಲ ಅಪ್ಪ. ನಾನೂ ನೋಡಲಿಲ್ಲ.”

ಅಪ್ಪ ಬೂಟು ಹಾಕಿಕೊಂಡ. ಇನ್ನೊಂದು ಕಾಲಿನದನ್ನು ಹಾಕಿಕೊಂಡಿದ್ದೇನೆಂದು ತಿಳಿದು, ಬಿಚ್ಚಿ, ಮತ್ತೆ ಹಾಕಿಕೊಂಡ. ಯಾರನ್ನೂ ನೋಡದೆ ಚೀಲ ಹೆಗಲಿಗೇರಿಸಿ ಹೊರಟುಹೋದ.

ಅಮ್ಮ ಒಲೆಯ ಹತ್ತಿರ ಹೋದಳು. ಅಜ್ಜಿಯ ಚಹಾಕ್ಕೆ, ಡಾಕ್ಟರು ಬೇಡವೆಂದಿದ್ದ ಎರಡನೇ ಚಮಚ ಸಕ್ಕರೆ ಹಾಕಿ, ಕಲಕಿ, ಅವಳ ಮುಂದಿಟ್ಟಳು. ಆಮೇಲೆ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ಬೀದಿಯ ಕಡೆ ನೋಡುತ್ತ ನಿಂತಳು. ಲಾಂಡ್ರಿಯ ಬಸ್ಸು ಬಂದು, ಹಾರನ್ ಹಾಕಿ, ಹೋಯಿತು. ಆ ದಿನ ನಡೆದೇ ಹೋದಳು.

ಸಂಜೆ ಅಪ್ಪ ಬೇಗ ಬಂದ. ಯಾರಿಗೂ ಹೇಳದೆ ಅಜ್ಜಿಯ ಮಂಚ ಬಿಚ್ಚಿ ಮತ್ತೆ ಒಳಗಿನ ಕೋಣೆಗೆ ಸಾಗಿಸಿದ. ಎರಡು ಮಂಚದ ನಡುವೆ ಒಂದು ಗೇಣು ಜಾಗ ಬಿಟ್ಟ.

“ಮತ್ತೆ ಕರೆದ್ರೆ?” ಎಂದಳು ಅಮ್ಮ. ಒಂಬತ್ತು ದಿನದಲ್ಲಿ ಅವಳು ತಾನಾಗಿ ಅವನೊಡನೆ ಆಡಿದ ಮೊದಲ ಮಾತು.

ಉತ್ತರ ಸಿಕ್ಕಿದ್ದು ಮಗಳಿಗೆ. ಅಮ್ಮ ಮುಖವಾಡ ಹಾಕಿಕೊಂಡು ಮಲಗಿದ ಮೇಲೆ ಅಜ್ಜಿಯ ಕೈ ಹಿಡಿದು ಕೊಳವೆಯ ಮೇಲಿಟ್ಟಳು. “ಸುಮ್ನೆ ಇಟ್ಕೋ. ಒತ್ತಬೇಡ. ಈಗ ನೋಡು, ಅಮ್ಮ ಉಸಿರು ಎಳ್ಕೊಂಡ್ರೆ ಕೊಳವೆ ಒಂಚೂರು ಬಿಗಿಯಾಗತ್ತೆ. ಬಿಟ್ರೆ ನಡುಗತ್ತೆ. ಗೊತ್ತಾಯ್ತಾ?”

ಅಜ್ಜಿ ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. “ಹೂಂ,” ಎಂದಳು. “ಬರ್ತಾ ಇದೆ. ಹೋಗ್ತಾ ಇದೆ.”

ಆಮೇಲೂ ಕೆಲವು ರಾತ್ರಿ ಕರೆದಳು. ಕೈ ಜಾರಿ ಎಚ್ಚರವಾದಾಗ ಹೆದರುತ್ತಿದ್ದಳು. ಆದರೂ ಮೂವತ್ತು ಮುಗಿದಾಗ ಗೀಟುಗಳು ಇಪ್ಪತ್ತನಾಲ್ಕು ಇದ್ದವು. ಹೊಸ ಅರ್ಜಿ ಹೋಯಿತು. ಈ ಸಲ ವಿಮೆಯವರೇ ಫೋನು ಮಾಡಿದರು. ನಯವಾದ ಹೆಣ್ಣು ದನಿ.

“ಮುಂಚೆ ಬಳಕೆ ಕಡಿಮೆ ಇದ್ದದ್ದಕ್ಕೆ ಕಾರಣ ಹೇಳಬೇಕು ಮೇಡಂ. ಮುಖವಾಡ ಹೊಂದದಿರುವುದು, ಮೂಗು ಕಟ್ಟುವುದು, ಯಂತ್ರದ ಶಬ್ದ, ಇತರೆ. ಯಾವುದು ಹಾಕಲಿ?”

“ಅವರ ಅತ್ತೆ,” ಎಂದಳು ಮಗಳು.

“ಏನಂದ್ರಿ?”

“ಇತರೆ ಅಂತ ಹಾಕಿ.”

ಆರನೇ ದಿನ ಅನುಮತಿ ಬಂತು. ಒಂದು ರಾತ್ರಿಗೆ, ಒಬ್ಬ ರೋಗಿಗೆ. ಜೊತೆಗಾರರಿಗೆ ಅವಕಾಶವಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಜಾಗ ಸಿಕ್ಕಿದ್ದು ಗುರುವಾರಕ್ಕೆ. ಸೋಮವಾರಕ್ಕೆ ಮೇಸ್ತ್ರಿಯ ಎರಡು ತಿಂಗಳು ಮುಗಿಯುತ್ತಿತ್ತು.

ಗುರುವಾರ ಸಂಜೆ ಯಂತ್ರದ ಚೀಲ ಹೊತ್ತು ಅಪ್ಪ ಬಸ್‌ಸ್ಟಾಪಿನವರೆಗೆ ಬಂದ. ಬಸ್ಸು ಬರುವವರೆಗೂ ರಸ್ತೆಯಲ್ಲಿದ್ದ ಮೀಟರ್ ಮುಚ್ಚಳವೊಂದನ್ನು ಬೂಟಿನ ತುದಿಯಿಂದ ತಟ್ಟುತ್ತ ನಿಂತಿದ್ದ.

“ನಾನು ಅವತ್ತು...” ಎಂದ.

ಅಮ್ಮ ಕಾದಳು. ಬಸ್ಸು ಬಂತು.

“ಕಿಟಕಿ ಹತ್ರ ಕೂತ್ಕೋ,” ಎಂದು ಚೀಲ ಕೊಟ್ಟ.

ಅವಳು ಕಿಟಕಿಯ ಹತ್ತಿರವೇ ಕೂತಳು. ಬಸ್ಸು ತಿರುಗುವವರೆಗೂ ಅವನು ಅಲ್ಲೇ ನಿಂತಿದ್ದನ್ನು ನೋಡಿದಳು.

ಕೇಂದ್ರ ಒಂದು ಕಟ್ಟಡದ ಐದನೇ ಅಂತಸ್ತಿನಲ್ಲಿತ್ತು. ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಮೂಲೆಯಲ್ಲಿ ಕ್ಯಾಮರಾ. ಬೆಡ್‌ಶೀಟಿನ ಅಂಚು ಮುಟ್ಟಿದ ಕೂಡಲೇ ಅಮ್ಮನಿಗೆ ಅದು ಬೇರೆ ಯಾವುದೋ ಲಾಂಡ್ರಿಯದೆಂದು ತಿಳಿಯಿತು, ಇಸ್ತ್ರಿ ಸಾಲದು. ತಂತ್ರಜ್ಞೆ ಚಿಕ್ಕ ಹುಡುಗಿ, ಇಪ್ಪತ್ತೈದು ಇರಬಹುದು. ಅಮ್ಮನ ತಲೆ, ಗಲ್ಲ, ಗದ್ದ, ಎದೆ, ಕಾಲಿಗೆಲ್ಲ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದಳು. ಆಮೇಲೆ ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು ಪ್ರಶ್ನೆ ಕೇಳಿದಳು. ತೂಕ, ಮಾತ್ರೆಗಳು, ಎಷ್ಟು ಗಂಟೆಗೆ ಮಲಗುತ್ತೀರಿ, ಯಾವ ಮಗ್ಗುಲಿಗೆ.

“ನಿದ್ದೇಲಿ ನಿಮ್ಮ ಉಸಿರು ನಿಲ್ಲೋದನ್ನ ಮನೇಲಿ ಯಾರಾದ್ರೂ ಗಮನಿಸಿದ್ದಾರಾ?”

“ಹೂಂ.”

“ಯಾರು? ಯಜಮಾನರಾ?”

“ನಮ್ಮ ಅತ್ತೆ.”

“ಎಷ್ಟು ಸಲ ನೋಡಿದ್ದಾರೆ ಅಂತ ಬರೀಲಿ? ಅಪರೂಪಕ್ಕೆ, ವಾರಕ್ಕೊಮ್ಮೆ, ದಿನಾ?”

ಅಮ್ಮ ಮೂಲೆಯ ಕ್ಯಾಮರಾದ ಕಡೆ ನೋಡಿದಳು. ಗಲ್ಲದ ಮೇಲೆ ಅಂಟಿಸಿದ್ದ ತಂತಿಯೊಂದು ಒದ್ದೆಯಾಗಿ ಬಿಟ್ಟುಕೊಂಡಿತು. ಹುಡುಗಿ ಏನೂ ಕೇಳದೆ ಒರೆಸಿ, ಹೊಸ ಅಂಟು ಹಾಕಿದಳು.

“ದಿನಾ,” ಎಂದಳು ಅಮ್ಮ. “ಐದು ವರ್ಷ.”

ದೀಪ ಆರಿತು. ಅಷ್ಟು ತಂತಿಗಳ ನಡುವೆ ಮಗ್ಗುಲಾಗಲೂ ಆಗದೆ ಅಮ್ಮ ಬಹಳ ಹೊತ್ತು ಕಣ್ಣು ಬಿಟ್ಟುಕೊಂಡೇ ಇದ್ದಳು. ಪಕ್ಕದ ಮಂಚ ಇರಬೇಕಾದ ಕಡೆ ಬರೀ ಗೋಡೆ. ನೀರು ಕೇಳುವವರಿಲ್ಲ. ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ.

ಬೆಳಿಗ್ಗೆ ಆರಕ್ಕೆ ಹುಡುಗಿ ತಂತಿಗಳನ್ನು ಬಿಚ್ಚಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು. “ಎಂಟರ ಒತ್ತಡ ನಿಮಗೆ ಸಾಲ್ತಿರಲಿಲ್ಲ ಆಂಟಿ. ಹನ್ನೊಂದಕ್ಕೆ ಏರಿಸಿದ ಮೇಲೆ ಉಸಿರು ಒಂದು ಸಲನೂ ನಿಲ್ಲಲಿಲ್ಲ. ಡಾಕ್ಟರ್ ನಾಳೆ ಕಾಗದ ಕೊಡ್ತಾರೆ.” ಅಮ್ಮ ಕೆಳಗಿಳಿದು ಬಂದು ಮೇಸ್ತ್ರಿಗೆ ಫೋನು ಮಾಡಿದಳು. “ಸೋಮವಾರ ಬನ್ನಿ ದೊಡ್ಡಕ್ಕ, ಎಡಗಡೆ ಖಾಲಿ ಇದೆ,” ಎಂದ.

ಮನೆಗೆ ಬಂದಾಗ ಅಪ್ಪ ಬೀದಿ ಸುತ್ತಲು ಹೋಗಿದ್ದ, ಮಗಳು ಅಂಗಡಿಗೆ. ಮೇಜಿನ ಮೇಲೆ ಎರಡು ಬೇಯಿಸಿದ ಮೊಟ್ಟೆಯನ್ನು ತಟ್ಟೆ ಮುಚ್ಚಿ ಇಟ್ಟಿದ್ದರು. ಒಳಗೆ ಅಜ್ಜಿ ತನ್ನ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದಳು. ಮಲಗಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ಬಂದೆಯಾ?” ಎಂದಳು. “ತಲೆಗೇನೇ ಅದು, ಗೋಂದು?”

“ಅಂಟು. ತೊಳೀಬೇಕು.”

“ಅಲ್ಲಿ ಯಾರಿದ್ದರು ನಿನ್ನ ಹತ್ರ?”

“ಒಂದು ಹುಡುಗಿ. ಪಕ್ಕದ ಕೋಣೇಲಿ ಕೂತು ರಾತ್ರಿಯೆಲ್ಲ ಪರದೆ ಮೇಲೆ ನನ್ನ ಉಸಿರು ನೋಡ್ತಿದ್ದಳು.”

“ಅವಳು ಮಲಗಲೇ ಇಲ್ವಾ?”

“ಇಲ್ಲ ಅತ್ತೆ. ಅದೇ ಅವಳ ಕೆಲಸ. ಸಂಬಳ ಕೊಡ್ತಾರೆ. ಹಗಲು ಹೋಗಿ ಮಲಗ್ತಾಳಂತೆ.”

ಅಜ್ಜಿ ಹೊದಿಕೆಯ ಅಂಚನ್ನು ಬೆರಳಿನಲ್ಲಿ ಮಡಚಿದಳು.

“ಅವಳು ಮಲಗಿದಾಗ ಯಾರು ನೋಡ್ತಾರೆ?”

ಆ ಹುಡುಗಿಯ ಮನೆಯಲ್ಲಿ ಯಾರಿದ್ದಾರೆಂದು ಅಮ್ಮ ಕೇಳಿರಲಿಲ್ಲ.

“ಮಲಗಿ ಅತ್ತೆ. ರಾತ್ರಿಯೆಲ್ಲ ಎಚ್ಚರ ಇದ್ದೀರಿ.”

“ನಿನಗೆ ತಿಂಡಿ ಆಗಬೇಕಲ್ಲ.”

“ಆಮೇಲೆ ತಿಂತೀನಿ. ನೀವು ಮಲಗಿ.”

ಅಜ್ಜಿ ದಿಂಬು ಸರಿಮಾಡಿಕೊಂಡು ಮಲಗಿದಳು. ಅಮ್ಮ ಹೊದಿಕೆಯನ್ನು ಕಾಲಿನವರೆಗೆ ಎಳೆದಳು. ಸ್ವಲ್ಪ ಹೊತ್ತಿಗೆ ಅಜ್ಜಿಗೆ ನಿದ್ದೆ ಹತ್ತಿತು. ಅವಳದು ಗೊರಕೆಯಿಲ್ಲದ ನಿದ್ದೆ. ಎದೆ ಏಳುವುದೂ ಇಳಿಯುವುದೂ ಹೊದಿಕೆಯ ಮೇಲೆ ಕಾಣುತ್ತಿರಲಿಲ್ಲ. ಅಮ್ಮ ತಲೆ ತೊಳೆಯಲು ಎದ್ದವಳು ಬಾಗಿಲವರೆಗೆ ಹೋಗಿ, ನಿಂತು, ತಿರುಗಿ ಬಂದಳು. ಮಂಚದ ಅಂಚಿನಲ್ಲಿ ಕೂತು, ಅತ್ತೆಯ ಮೂಗಿನ ಹತ್ತಿರ ಬೆರಳು ಹಿಡಿದಳು. ಬೆಚ್ಚಗಿನ ಗಾಳಿ ತಗುಲಿತು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕೂತಳು.